ನೋಡಿದೆ, ತೃಪ್ತಿಕರ

ಮನೆಯಿಂದ,
ಭಾನುವಾರ, ನವೆಂಬರ್ ೧೭, ಮಧ್ಯಾಹ್ನ ಎರಡೂಕಾಲು

ಪ್ರೀತಿಯ ಅಕ್ಕಾ,

ಅದು ಜ್ವರವಲ್ಲ. ನಿನ್ನೆ ಫೋನಿನಲ್ಲಿ ನನ್ನ ದನಿ ನಡುಗಿದ್ದನ್ನು ಕೇಳಿ ನೀನು, “ಬಿಸಿನೀರು ಕುಡಿದು ಹೊದ್ಕೊಂಡು ಮಲಗೋ, ಮುದುಕ ಆಗ್ತಾ ಆಗ್ತಾ ಮಗು ಆಗ್ತಿದ್ದೀಯ” ಎಂದು ಗದರಿದೆಯಲ್ಲ, ಆಗ ಹೂಂ ಹೂಂ ಎಂದು ಒಪ್ಪಿಕೊಂಡುಬಿಟ್ಟೆ. ಅದು ಹೆದರಿಕೆ. ಬರುವ ವರ್ಷ ಅರವತ್ತು ತುಂಬುವ ಗಂಡಸು ನನಗೆ ಹೆದರಿಕೆಯಾಗುತ್ತಿದೆ ಎಂದು ಫೋನಿನಲ್ಲಿ ಕೂಗಿದರೆ ನಿನ್ನ ಕಿವಿಗೆ ಮುಟ್ಟುವ ಮೊದಲೇ ಪಕ್ಕದ ಮನೆಗೆ ಮುಟ್ಟುತ್ತದೆ. ಅದಕ್ಕೇ ಈ ಕಾಗದ. ಇರಲಿ, ಮೊದಲು ನಿನ್ನ ಮಂಡಿ ಹೇಗಿದೆ ಹೇಳು. ಮೆಟ್ಟಿಲು ಹತ್ತಬೇಡ ಎಂದು ಡಾಕ್ಟರು ಹೇಳಿದ ಮೇಲೆ ದಿನಕ್ಕೆ ಎಷ್ಟು ಸಲ ಹತ್ತುತ್ತಿದ್ದೀಯ? ಕಿವಿಯ ಮಿಷನ್ನು ಪೆಟ್ಟಿಗೆಯಲ್ಲೇ ಇದೆಯೋ ಕಿವಿಗೂ ಬಂದಿದೆಯೋ? ನನ್ನ ಆರೋಗ್ಯ ಚೆನ್ನಾಗಿದೆ. ಹಲ್ಲೊಂದು ಅಲ್ಲಾಡುತ್ತಿದೆ, ಅದಕ್ಕೂ ನನ್ನ ಹಾಗೆ ರಿಟೈರಾಗುವ ಆತುರ. ರಾತ್ರಿ ನಿದ್ದೆ ಮಾತ್ರ ಇಲ್ಲ. ‘ಸ್ಲೀಪ್ ಈಸ್ ದಿ ಬೆಸ್ಟ್... ’ ಏನೋ ಒಂದು ಎಂದು ನಮ್ಮ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಬೆಸ್ಟ್ ಎನ್ನುವುದು ನೆನಪಿದೆ, ಏನು ಬೆಸ್ಟ್ ಎನ್ನುವುದು ಮರೆತಿದೆ. ನನ್ನ ಇಂಗ್ಲಿಷ್ ಪೂರ್ತಿ ಹೀಗೇ, ಬಾಲ ಕಡಿದ ಹಲ್ಲಿಯ ಹಾಗೆ.

ವಿಷಯಕ್ಕೆ ಬರುತ್ತೇನೆ. ನನ್ನ ಮುಂದೆ ಮೇಜಿನ ಮೇಲೆ ಎರಡು ಪುಸ್ತಕಗಳಿವೆ. ಒಂದು ನಾಲ್ಕು ವರ್ಷ ಹಳೆಯದು, ರಟ್ಟಿನ ಮೂಲೆಗಳು ಸವೆದಿವೆ. ಇನ್ನೊಂದು ಮೊನ್ನೆ ಅಂಗಡಿಯಿಂದ ತಂದದ್ದು, ಬಿಡಿಸಿದರೆ ಇನ್ನೂ ಕರಕರ ಅನ್ನುತ್ತದೆ. ನಾಳೆ ಬೆಳಿಗ್ಗೆ ಒಂಬತ್ತೂವರೆಗೆ ಇವೆರಡರಲ್ಲಿ ಒಂದನ್ನು ನಮ್ಮ ಹೊಸ ಹೆಡ್ ಮೇಡಂ ಮೇಜಿನ ಮೇಲೆ ಇಡಬೇಕು. ಯಾವುದನ್ನು ಎಂಬುದೇ ನನ್ನ ಜ್ವರ.

ನೀನೂ ಮೂವತ್ತು ವರ್ಷ ಟೀಚರಾಗಿದ್ದವಳು, ಪಾಠ ಟಿಪ್ಪಣಿ ಎಂದರೆ ಏನೆಂದು ನಿನಗೆ ಹೇಳಬೇಕಾಗಿಲ್ಲ. ವಾರಕ್ಕೆ ಒಂದು ಪುಟ, ಪುಟಕ್ಕೆ ಐದು ಮನೆ. ಪಾಠದ ಹೆಸರು, ಉದ್ದೇಶ, ವಿಧಾನ, ಉಪಕರಣ, ಮೌಲ್ಯಮಾಪನ. ಶನಿವಾರ ಬೆಳಿಗ್ಗೆ ಹೆಡ್‌ಮಾಸ್ಟರ ಕೋಣೆಯಲ್ಲಿ ಇಡಬೇಕು, ಅವರು ಓದಿ ಸಹಿ ಹಾಕಬೇಕು. ಓದಿ ಎನ್ನುವುದು ನಿಯಮದಲ್ಲಿದೆ. ನಮ್ಮ ಹಳೆಯ ಹೆಡ್‌ಮಾಸ್ಟರು ಹದಿನೆಂಟು ವರ್ಷ ಆ ಕುರ್ಚಿಯಲ್ಲಿದ್ದರು, ಹದಿನೆಂಟು ವರ್ಷವೂ ಹದಿನಾಲ್ಕು ಪುಸ್ತಕಗಳ ಗೋಪುರವನ್ನು ಎಡಗೈಯಲ್ಲಿ ತೆರೆಯುತ್ತಾ ಬಲಗೈಯಲ್ಲಿ ಸಹಿ ಹಾಕುತ್ತಾ ಬಾಯಲ್ಲಿ ಮಗಳ ಮದುವೆಯ ಮಾತಾಡುತ್ತಾ ಏಳು ನಿಮಿಷದಲ್ಲಿ ಮುಗಿಸುತ್ತಿದ್ದರು. ಕೆಂಪು ಶಾಯಿಯಲ್ಲಿ ‘ನೋಡಿದೆ, ತೃಪ್ತಿಕರ’. ಅಷ್ಟೇ. ಸ್ಟಾಫ್ ರೂಮಿನಲ್ಲಿ ಅವರಿಗೆ ‘ತೃಪ್ತಿಕರ’ ಎಂದೇ ಹೆಸರು. “ತೃಪ್ತಿಕರ ಬಂದ್ರು, ಬೀಡಿ ಆರಿಸ್ರೀ” ಎನ್ನುತ್ತಿದ್ದರು ಲೆಕ್ಕದ ಮೇಷ್ಟ್ರು. ಒಳ್ಳೆಯ ಮನುಷ್ಯ ಅಕ್ಕ, ಯಾರಿಗೂ ಒಂದು ಕೆಟ್ಟ ಮಾತು ಆಡಿದವರಲ್ಲ. ಒಂದು ಸಲವೂ ಯಾರ ಕ್ಲಾಸಿಗೂ ಬಂದು ಕೂತವರಲ್ಲ. ನನಗೆ ಅವರೆಂದರೆ ಒಂದು ಚೂರೂ ಭಯವಿರಲಿಲ್ಲ. ಈಗ ಅನ್ನಿಸುತ್ತದೆ, ಆಗಲೇ ಹೆದರಬೇಕಿತ್ತು.

ಮೊದಲು ತಮಾಷೆಗೆ ಶುರುವಾದದ್ದು. ಲೆಕ್ಕದ ಮೇಷ್ಟ್ರು ಒಂದು ಶುಕ್ರವಾರ, “ಏನು ಬರೆದ್ರೂ ಹಾಕ್ತಾರೆ ಕಣ್ರೀ, ಬೇಕಾದ್ರೆ ನೋಡಿ” ಎಂದು ಹುರಿದುಂಬಿಸಿದರು. ನಾನು ಭಾರ ಎತ್ತುವ ‘ಸನ್ನೆಗಳು’ ಎಂಬ ಪಾಠಕ್ಕೆ ಉಪಕರಣದ ಮನೆಯಲ್ಲಿ ‘ಒಂದು ಆನೆ, ಎರಡು ಮೊಳ ಹಗ್ಗ’ ಎಂದು ಬರೆದು ಇಟ್ಟೆ. ಶನಿವಾರ ಪುಸ್ತಕ ವಾಪಸ್ಸು ಬಂತು. ನೋಡಿದೆ, ತೃಪ್ತಿಕರ. ಎಷ್ಟು ನಕ್ಕೆವು ಎಂದರೆ ಕ್ರಾಫ್ಟ್ ಟೀಚರಿಗೆ ಕೆಮ್ಮು ಹತ್ತಿ ನೀರು ಕೊಡಬೇಕಾಯಿತು. ಆದರೆ ಅವತ್ತು ಮನೆಗೆ ನಡೆದು ಬರುವಾಗ ಒಳಗೆ ಏನೋ ಒಂದು ಸ್ಕ್ರೂ ಸಡಿಲವಾದ ಹಾಗಾಯಿತು. ಯಾರೂ ಓದುವುದಿಲ್ಲ ಎಂದು ಗೊತ್ತಾದ ಮೇಲೆ ಬರೆಯುವ ಕೈಗೆ ಯಾಕೆ ಶ್ರಮ? ಮುಂದಿನ ವಾರ ಹಳೆಯ ವರ್ಷದ್ದನ್ನೇ ಇಳಿಸಿದೆ. ಅದರ ಮುಂದಿನ ವಾರ ತಯಾರಿ ಇಲ್ಲದೆ ಕ್ಲಾಸಿಗೆ ಹೋದೆ, ಏನೂ ಆಗಲಿಲ್ಲ. ಏನೂ ಆಗಲಿಲ್ಲ ಎಂಬುದೇ ರೂಢಿಯಾಯಿತು. ಟ್ರೇನಿಂಗ್ ಕಾಲೇಜಿನಲ್ಲಿ ನಮ್ಮ ಪ್ರೊಫೆಸರು ಮೇಜು ಗುದ್ದಿ ಹೇಳುತ್ತಿದ್ದರು, ‘ಎ ಟೀಚರ್ ವಿದೌಟ್ ಮೋಟಿವೇಷನ್ ಈಸ್ ಲೈಕ್ ಎ ಕ್ಯಾಂಡಲ್ ವಿದೌಟ್... ’ ಮುಂದಿನದು ಬತ್ತಿಯೋ ಬೆಂಕಿಕಡ್ಡಿಯೋ. ಎರಡೂ ಇರಲಿಲ್ಲ ಅಂತಿಟ್ಟುಕೋ.

ಆಮೇಲೆ ನನ್ನ ಹೆಂಡತಿ ಕಾಯಿಲೆ ಬಿದ್ದು ಮಲಗಿದಳು. ಆ ವರ್ಷದ್ದೇ ಈ ಹಳೆಯ ಪುಸ್ತಕ. ನಿನಗೆ ಗೊತ್ತಲ್ಲ, ನನಗೆ ಯಾರ ಹತ್ತಿರವೂ ಹೇಳಿಕೊಂಡು ಅಳಲು ಬರುವುದಿಲ್ಲ. ನೀನು ಬಂದು ಹದಿನೈದು ದಿನ ಇದ್ದಾಗಲೂ ನಿನ್ನೆದುರು ಪೇಪರ್ ಓದುತ್ತಾ ಕೂತಿದ್ದೆ. ಆದರೆ ಶುಕ್ರವಾರ ರಾತ್ರಿ ಟಿಪ್ಪಣಿ ಬರೆಯಲೇಬೇಕಲ್ಲ. ಅವಳ ಮಂಚದ ಪಕ್ಕದಲ್ಲಿ ಕೂತು ಬರೆಯುತ್ತಿದ್ದೆ. ಒಂದು ಪುಟ ಹೀಗಿದೆ, ಇದ್ದ ಹಾಗೇ ಇಳಿಸುತ್ತೇನೆ. ಪಾಠ: ಶಾಖ. ಉದ್ದೇಶ: ಜ್ವರ ಇಳಿಯಬೇಕು. ವಿಧಾನ: ಹಣೆಗೆ ಒದ್ದೆ ಬಟ್ಟೆ, ಅರ್ಧ ಗಂಟೆಗೊಮ್ಮೆ. ಉಪಕರಣ: ಥರ್ಮಾಮೀಟರು. ಮೌಲ್ಯಮಾಪನ: ನೂರಾ ಎರಡು. ಕೆಳಗೆ ಕೆಂಪು ಶಾಯಿಯಲ್ಲಿ, ನೋಡಿದೆ, ತೃಪ್ತಿಕರ. ಹೀಗೆ ಪುಟದ ಮೇಲೆ ಪುಟ. ಅವಳು ಹೋದ ವಾರದ ಪುಟದಲ್ಲಿ ಐದು ಮನೆಗೂ ‘ಇಲ್ಲ’ ಎಂದು ಬರೆದಿದ್ದೇನೆ. ಅದಕ್ಕೂ ತೃಪ್ತಿಕರ. ಯಾರಾದರೂ ಒಬ್ಬರು ಓದಿ ಇದೇನಯ್ಯಾ ಎಂದು ಕೇಳಲಿ ಎಂದೇ ನಾನು ಬರೆಯುತ್ತಿದ್ದೆನೋ ಏನೋ, ಈಗ ತಿಳಿಯುವುದಿಲ್ಲ. ಆ ಹೊತ್ತಿಗೆ ಕೇಳಿದ್ದರೆ ಅವರ ಕಾಲು ಹಿಡಿದು ಅತ್ತುಬಿಡುತ್ತಿದ್ದೆ ಎಂಬುದು ಮಾತ್ರ ಖಂಡಿತ.

ಅಷ್ಟೇ ಆಗಿದ್ದರೆ ನಾಚಿಕೆ ಮಾತ್ರ, ಹೆದರಿಕೆ ಇರುತ್ತಿರಲಿಲ್ಲ. ಮುಂದಿನ ಪುಟಗಳಿವೆ ನೋಡು. ಹತ್ತನೇ ಕ್ಲಾಸಿಗೆ ವಿದ್ಯುತ್ತಿನ ಪಾಠವನ್ನು ನಾನು ಮಾಡಲೇ ಇಲ್ಲ. ಮೂರು ವಾರ ಮಕ್ಕಳಿಗೆ ಪುಸ್ತಕ ಓದಿಕೊಳ್ಳಿ ಎಂದು ಹೇಳಿ ಕಿಟಕಿ ನೋಡುತ್ತಾ ಕೂತೆ. ವರ್ಷದ ಕೊನೆಗೆ ಪ್ರಯೋಗ ಪರೀಕ್ಷೆ ಮಾಡಬೇಕಿತ್ತು. ಒಬ್ಬೊಬ್ಬರನ್ನೇ ಕರೆದು, ಬಲ್ಬು ಉರಿಸಿ ತೋರಿಸಿ ಎಂದು ಹೇಳಿ, ಇಪ್ಪತ್ತಕ್ಕೆ ಅಂಕ ಹಾಕಬೇಕು. ನಾನು ಲ್ಯಾಬಿನ ಬೀಗವನ್ನೇ ತೆಗೆಯಲಿಲ್ಲ. ಸ್ಟಾಫ್ ರೂಮಿನಲ್ಲಿ ಕೂತು ಹಾಜರಿ ಪುಸ್ತಕ ಇಟ್ಟುಕೊಂಡು, ಮುಖ ನೆನಪು ಮಾಡಿಕೊಂಡು, ಇವಳಿಗೆ ಹದಿನೇಳು ಅವನಿಗೆ ಹದಿನಾರು ಎಂದು ನಲವತ್ತೊಂದು ಮಕ್ಕಳಿಗೆ ಹಾಕಿಬಿಟ್ಟೆ. ಮತ್ತು ಆ ಪೆದ್ದು ಕೆಲಸವನ್ನು ಟಿಪ್ಪಣಿಯಲ್ಲಿ ಬರೆದೂ ಇಟ್ಟೆ ಅಕ್ಕಾ! ಮೌಲ್ಯಮಾಪನ: ಪರೀಕ್ಷೆ ಮಾಡಲಿಲ್ಲ, ಅಂಕ ಕೂತಲ್ಲೇ ಹಾಕಿದೆ. ಕಳ್ಳ ತಾನೇ ಪೊಲೀಸರಿಗೆ ವಿಳಾಸ ಬರೆದುಕೊಟ್ಟ ಹಾಗೆ. ಅದರ ಕೆಳಗೂ ಕೆಂಪು ಸಹಿ ಇದೆ.

ಈಗ ಹೊಸ ಮೇಡಂ ವಿಚಾರ. ಜೂನ್‌ನಲ್ಲಿ ಬಂದರು. ನಮ್ಮ ಮಕ್ಕಳ ವಯಸ್ಸು. ಮೊದಲ ಶನಿವಾರ ಪುಸ್ತಕಗಳು ವಾಪಸ್ಸು ಬರಲಿಲ್ಲ. ಸೋಮವಾರವೂ ಬರಲಿಲ್ಲ. ಲೆಕ್ಕದ ಮೇಷ್ಟ್ರು, “ಏನ್ರೀ, ಓದ್ತಿದ್ದಾರಾ ಹೇಗೆ?” ಎಂದು ಕೇಳಿದಾಗ ನಾವೆಲ್ಲ ನಕ್ಕೆವು, ಆದರೆ ಯಾರ ನಗುವೂ ಗಂಟಲು ದಾಟಲಿಲ್ಲ. ಮಂಗಳವಾರ ಬಂತು. ನನ್ನ ಪುಟದಲ್ಲಿ ಸಹಿ ಇಲ್ಲ, ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಇತ್ತು. ‘ನೀರಿನ ಬದಲು ಅಷ್ಟೇ ಎಣ್ಣೆ ಇಟ್ಟು ಅಷ್ಟೇ ಹೊತ್ತು ಕಾಯಿಸಿದರೆ ಮಕ್ಕಳು ಏನು ಊಹಿಸಬಹುದು? ನೀವು ಮಾಡಿ ನೋಡಿದ್ದೀರಾ?’ ಮಾಡಿ ನೋಡಿರಲಿಲ್ಲ. ಅವತ್ತು ಸಂಜೆ ಶಾಲೆಯ ಥರ್ಮಾಮೀಟರು ತಂದು ಅಡುಗೆಮನೆಯಲ್ಲಿ ಒಲೆಯ ಮೇಲೆ ಒಂದಾದ ಮೇಲೊಂದು ಇಟ್ಟು ಗಡಿಯಾರ ನೋಡುತ್ತಾ ನಿಂತೆ. ಎಣ್ಣೆ ಎಷ್ಟು ಬೇಗ ಏರಿಬಿಡುತ್ತದೆ ಗೊತ್ತಾ! ಮಾರನೆಯ ದಿನ ಕ್ಲಾಸಿನಲ್ಲಿ ಮಾಡಿ ತೋರಿಸಿದೆ. ಹಿಂದಿನ ಬೆಂಚಿನ ಒಬ್ಬಳು, ಬಾಯಿಯೇ ಬಿಡದವಳು, ಎದ್ದು ನಿಂತು, “ಸಾರ್, ಎಣ್ಣೆಗೆ ಬೇಗ ಸಿಟ್ಟು ಬರುತ್ತೆ, ನೀರಿಗೆ ತಾಳ್ಮೆ ಜಾಸ್ತಿ” ಎಂದಳು. ವಿಶಿಷ್ಟ ಶಾಖದ ಬಗ್ಗೆ ಇದಕ್ಕಿಂತ ಚೆನ್ನಾಗಿ ನಾನು ಮೂವತ್ತಮೂರು ವರ್ಷದಲ್ಲಿ ಹೇಳಿರಲಿಲ್ಲ. ಮೇಡಂ ಕೊನೆಯ ಬೆಂಚಿನಲ್ಲಿ ಮಕ್ಕಳ ನಡುವೆ ಕೂತಿದ್ದರು. ಆ ವಾರದ ಮೀಟಿಂಗಿನಲ್ಲಿ ಎಲ್ಲರೆದುರು, “ವಿಜ್ಞಾನದ ಮೇಷ್ಟ್ರ ಕ್ಲಾಸಿನಲ್ಲಿ ನಾನೂ ಕಲಿತೆ” ಎಂದರು. ಅಕ್ಕಾ, ನಾನು ಅವತ್ತು ಮನೆಗೆ ಬಂದು ಶರ್ಟಿಗೆ ಇಸ್ತ್ರಿ ಹಾಕಿಕೊಂಡೆ. ಇವಳು ಹೋದ ಮೇಲೆ ಮೊದಲ ಸಲ. ಈ ಐದು ತಿಂಗಳು ನಾನು ಓದುತ್ತಿದ್ದೇನೆ, ಬರೆಯುತ್ತಿದ್ದೇನೆ, ಬೆಳಿಗ್ಗೆ ಕ್ಲಾಸಿಗೆ ಹೋಗಲು ಕಾಲು ತಾನಾಗಿ ಮುಂದೆ ಬೀಳುತ್ತದೆ. ಅದೇ ಈಗ ಸಂಕಟ. ಕಳೆದುಕೊಳ್ಳಲು ಏನೂ ಇಲ್ಲದಿದ್ದಾಗ ಭಯವೂ ಇರಲಿಲ್ಲ ನೋಡು.

ಅವರು ಮೆತ್ತಗಿನ ಹೆಂಗಸು ಅಂದುಕೊಳ್ಳಬೇಡ. ಮೊದಲ ಮೀಟಿಂಗಿನಲ್ಲೇ ಹೇಳಿದ್ದರು, “ಪಾಠ ಬರಲ್ಲ ಅಂದ್ರೆ ಬರಲ್ಲ ಅನ್ನಿ, ಒಟ್ಟಿಗೆ ಕೂತು ಕಲಿಯೋಣ. ಸುಳ್ಳು ಮಾತ್ರ ಬರೀಬೇಡಿ. ಸುಳ್ಳು ಸಿಕ್ರೆ ನಾನು ಮೇಲಕ್ಕೆ ಬರೀತೀನಿ, ಆಮೇಲೆ ಬೇಜಾರು ಮಾಡ್ಕೋಬೇಡಿ.” ಸೆಪ್ಟೆಂಬರಿನಲ್ಲಿ ಡ್ರಿಲ್ ಮಾಸ್ಟರು ನಡೆಯದ ಆಟೋಟವನ್ನು ನಡೆಯಿತು ಎಂದು ಬರೆದು ಸಿಕ್ಕಿಬಿದ್ದರು. ಮೇಡಂ ಹೇಳಿದ ಹಾಗೇ ಬರೆದರು. ಡ್ರಿಲ್ ಮಾಸ್ಟರ ಕುರ್ಚಿ ಈಗ ಖಾಲಿ, ಅದರ ಮೇಲೆ ನಾವು ಚೀಲ ಇಡುತ್ತೇವೆ. ಮೊನ್ನೆ ಶುಕ್ರವಾರ ಆರ್ಡರ್ ಬಂತು. ಹತ್ತನೇ ಕ್ಲಾಸಿನ ವಿಜ್ಞಾನದ ಫಲಿತಾಂಶ ವರ್ಷ ವರ್ಷ ಇಳಿಯುತ್ತಿದೆ, ಆದ್ದರಿಂದ ಐದು ವರ್ಷದ ಟಿಪ್ಪಣಿ ಪುಸ್ತಕಗಳನ್ನು ಸೋಮವಾರ ತರಬೇಕು. ನನ್ನನ್ನು ಕರೆದು ನಗುತ್ತಾ, “ತಪ್ಪು ಹುಡುಕೋಕಲ್ಲ ಸರ್, ಎಲ್ಲಿ ಜಾರಿದ್ವಿ ಅಂತ ನೋಡೋಣ, ನೀವೇ ನನ್ನ ಜೊತೆ ಕೂತ್ಕೊಳ್ಳಿ” ಎಂದರು. ಆ ನಗು ನೋಡಿ ನನ್ನ ಕಾಲ ಕೆಳಗಿನ ನೆಲ ಅರ್ಧ ಅಡಿ ಇಳಿಯಿತು. ಎಲ್ಲಿ ಜಾರಿದ್ವಿ ಎಂದು ಹುಡುಕುವ ಕಷ್ಟವೇ ಇಲ್ಲ, ದಿನಾಂಕ ಸಮೇತ ಬರೆದಿಟ್ಟಿದ್ದೇನೆ.

ಲೆಕ್ಕದ ಮೇಷ್ಟ್ರಿಗೆ ಹೇಳಿದೆ. ಅವರಿಗೆ ಎಲ್ಲದಕ್ಕೂ ಸೂತ್ರ ಗೊತ್ತು. “ಕಳೆದುಹೋಯ್ತು ಅಂದ್ರೆ ಅನುಮಾನ ಬರುತ್ತೆ. ಐದರಲ್ಲಿ ಅದೊಂದೇ ಯಾಕೆ ಕಳೀತು ಅಂತಾರೆ. ಹೊಸ ಪುಸ್ತಕ ತಗೊಳ್ಳಿ, ಹಿಂದಿನ ವರ್ಷದ್ದು ನೋಡ್ಕೊಂಡು ನೀಟಾಗಿ ಇಳಿಸಿ. ಸಹಿ ತೃಪ್ತಿಕರದ ಹತ್ರ ಹಾಕಿಸೋಣ, ಅವರಿಗೂ ಕುತ್ತಿಗೆ ಇದೆಯಲ್ಲ” ಎಂದರು. ಹೇಳಿ ಸುಮ್ಮನಿರದೆ ಅವರ ಮನೆಗೂ ಹೋಗಿ ಸುದ್ದಿ ಮುಟ್ಟಿಸಿದ್ದಾರೆ. ನಿನ್ನೆ ಸಂಜೆ, ನಿನ್ನ ಫೋನ್ ಇಟ್ಟ ಅರ್ಧ ಗಂಟೆಗೆ, ಹಳೆಯ ಹೆಡ್‌ಮಾಸ್ಟರೇ ನನ್ನ ಬಾಗಿಲಿಗೆ ಬಂದರು. ಎಷ್ಟು ಸಣ್ಣಗಾಗಿದ್ದಾರೆ ಅಂತೀಯ. ಸ್ವೆಟರಿನ ಒಳಗೆ ಮನುಷ್ಯ ಇದ್ದಾರೋ ಇಲ್ಲವೋ ಎಂದು ಹುಡುಕಬೇಕು. ಕುರ್ಚಿಯಲ್ಲಿ ಕೂರಲೂ ಇಲ್ಲ. ಜೇಬಿನಿಂದ ಕೆಂಪು ಪೆನ್ನು ತೆಗೆದು ತೋರಿಸಿ, “ಬರೀಪ್ಪಾ, ನೀನು ಬರಿ. ನಾನು ಇಲ್ಲೇ ಕೂತು ಎಲ್ಲಾ ಪುಟಕ್ಕೂ ಹಾಕಿಕೊಡ್ತೀನಿ. ಏನು ಬರೆದಿದ್ದೀಯ ಅಂತ ಇವತ್ತೂ ನೋಡಲ್ಲ” ಎಂದರು. ನನಗೆ ನಗು ಬಂತು. ಅವರ ಕಣ್ಣಲ್ಲಿ ನೀರಿತ್ತು. “ನಾನು ಒಳ್ಳೇದೇ ಮಾಡ್ತಿದ್ದೀನಿ ಅಂದ್ಕೊಂಡಿದ್ದೆ ಕಣಪ್ಪಾ. ಯಾರಿಗೂ ತೊಂದ್ರೆ ಕೊಡಬಾರದು ಅಂತ” ಎಂದರು. ನಾನು ಅವರಿಗೆ ಆ ಹಳೆಯ ಪುಸ್ತಕದ ಜ್ವರದ ಪುಟ ತೆಗೆದು ಮುಂದೆ ಹಿಡಿದೆ. ಕನ್ನಡಕ ಹುಡುಕಿ ಹಾಕಿಕೊಂಡು ಓದಿದರು, ನಿಧಾನವಾಗಿ, ಬೆರಳಿಟ್ಟು, ಒಂದೊಂದು ಮನೆಯನ್ನೂ. ನಾಲ್ಕು ವರ್ಷದ ನಂತರ. ಪುಸ್ತಕ ಮುಚ್ಚಿ, ಪೆನ್ನನ್ನು ಮೇಜಿನ ಮೇಲೇ ಬಿಟ್ಟು ಹೋದರು. ಅದು ಮರೆವೋ, ಬೇಕಾದರೆ ನೀನೇ ಹಾಕಿಕೋ ಎಂದೋ, ನನಗೆ ಅರ್ಥವಾಗಿಲ್ಲ.

ಶುಕ್ರವಾರ ಸಂಜೆಯೇ ಹೊಸ ಪುಸ್ತಕ ತಂದಿದ್ದೆನಲ್ಲ, ಅವರು ಹೋದ ಮೇಲೆ ಕೂತು ಬರೆಯಲು ಶುರು ಮಾಡಿದೆ. ಸುಳ್ಳು ಹೇಳುವುದಿಲ್ಲ, ಹನ್ನೊಂದು ಪುಟ ಬರೆದೆ. ಅಕ್ಷರ ಮುತ್ತಿನ ಹಾಗೆ ಬಂತು, ನೀನೇ ತಿದ್ದಿಸಿದ ಅಕ್ಷರ. ಹನ್ನೆರಡನೆಯದು ಶಾಖದ ಪುಟ. ಅಲ್ಲಿ ಕೈ ನಿಂತಿತು. ಒದ್ದೆ ಬಟ್ಟೆ ಇದ್ದಲ್ಲಿ ‘ಚರ್ಚಾ ವಿಧಾನ’ ಎಂದು ಬರೆಯಬೇಕು, ನೂರಾ ಎರಡು ಇದ್ದಲ್ಲಿ ‘ಮಕ್ಕಳು ಚೆನ್ನಾಗಿ ಗ್ರಹಿಸಿದರು’ ಎಂದು. ಬರೆದರೆ ಅವಳಿಗೆ ಜ್ವರವೇ ಬಂದಿರಲಿಲ್ಲ ಎಂದ ಹಾಗಾಗುತ್ತದೆ. ನಾನು ಮೊದಲ ಸಲ ಪಾಠ ಮಾಡಲು ಹೋಗುವ ಹಿಂದಿನ ದಿನ ನೆನಪಿದೆಯಾ? ನೀನು ಅಡುಗೆಮನೆಯ ನೆಲದ ಮೇಲೆ ತರಕಾರಿ ಹೆಚ್ಚುತ್ತಾ ಕೂತಿದ್ದೆ, ನಾನು ಗೋಡೆಯನ್ನೇ ಬೋರ್ಡು ಮಾಡಿಕೊಂಡು ನಿನಗೆ ಪಾಠ ಹೇಳಿದೆ. ಏಳು ಸಲ ನೀನು, “ನಂಗೆ ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ಹೇಳು” ಎಂದೆ. ಎಂಟನೆಯ ಸಲ ತಲೆಯೆತ್ತಿ ನೋಡಿ, “ಹೂಂ, ಈಗ ಹೋಗು” ಎಂದೆ. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಈ ನೌಕರಿಯಲ್ಲಿ ಸಿಕ್ಕಿಲ್ಲ. ಸೂಪರ್‌ವಿಷನ್ ಎಂದು ಕಾಲೇಜಿನಲ್ಲಿ ಹನ್ನೆರಡು ಅಂಕದ ಪ್ರಶ್ನೆ ಇತ್ತು, ಟೈಪ್ಸ್ ಆಫ್, ಪ್ರಿನ್ಸಿಪಲ್ಸ್ ಆಫ್, ಅಡ್ವಾಂಟೇಜಸ್ ಅಂಡ್ ಎಟ್ಸೆಟ್ರಾ. ನೀನು ಆ ಏಳು ಸಲ ಅರ್ಥ ಆಗದೆ ಕೂತದ್ದೇ ಅದು ಎಂದು ಆಗ ಬರೆಯಬೇಕಿತ್ತು. ಜೀರೋ ಹಾಕುತ್ತಿದ್ದರು.

ನನ್ನ ಭಯ ಯಾವುದಕ್ಕೆ ಎಂದು ಬೆಳಿಗ್ಗೆಯಿಂದ ಬಿಡಿಸಿ ನೋಡುತ್ತಿದ್ದೇನೆ. ನೌಕರಿ ಹೋಗುತ್ತದೆ ಎಂಬುದೇ? ಇನ್ನು ಹದಿಮೂರು ತಿಂಗಳು, ಹೇಗಿದ್ದರೂ ಹೋಗುವುದೇ. ಆದರೆ ಹೋಗುವ ದಾರಿ ಯಾವುದು ಎಂಬುದು ಬೇರೆ. ಜನ ಆಡಿಕೊಳ್ಳುತ್ತಾರೆ ಎಂಬುದೂ ಇದೆ, ಇಲ್ಲವೆನ್ನಲಾರೆ. ಹಳೆಯ ಹೆಡ್‌ಮಾಸ್ಟರನ್ನು ಈ ವಯಸ್ಸಿನಲ್ಲಿ ವಿಚಾರಣೆಗೆ ಕರೆದು ನಿಲ್ಲಿಸುತ್ತಾರಲ್ಲ ಎಂಬುದಂತೂ ಎದೆಯ ಮೇಲೆ ಕಲ್ಲು. ಎಲ್ಲಕ್ಕಿಂತ ಹೆಚ್ಚು ಹೆದರಿಕೆಯಾಗುವುದು ಆ ಪುಟ ಓದಿ ಮುಗಿಸಿದ ಮೇಲೆ ಮೇಡಂ ತಲೆಯೆತ್ತಿ ನನ್ನನ್ನು ನೋಡುವ ಕ್ಷಣಕ್ಕೆ. ಆಗ ಅವರು ಏನೆಂದು ಕರೆಯುತ್ತಾರೆ, ಸರ್ ಅನ್ನುತ್ತಾರೋ ಇಲ್ಲವೋ. ಹೊಸ ಪುಸ್ತಕ ಕೊಟ್ಟರೆ ಈ ಭಯವಿಲ್ಲ. ಆದರೆ ಹೊಸದನ್ನು ಕೊಟ್ಟು, ನೀವೇ ನನ್ನ ಜೊತೆ ಕೂತ್ಕೊಳ್ಳಿ ಎಂದರೆ ಆ ಕುರ್ಚಿಯ ಮೇಲೆ ಹೇಗೆ ಕೂರಲಿ? ಅವರು ನನ್ನ ಸುಳ್ಳನ್ನು ಪೆನ್ಸಿಲ್ ಹಿಡಿದು ಶ್ರದ್ಧೆಯಿಂದ ಓದುತ್ತಾರೆ, ಅಂಚಿನಲ್ಲಿ ಪ್ರಶ್ನೆ ಬರೆಯುತ್ತಾರೆ. ಈ ಪಾಠಕ್ಕೆ ಮಕ್ಕಳು ಏನೆಂದರು ಸರ್ ಎಂದು ಕೇಳುತ್ತಾರೆ. ನಡೆಯದ ಪಾಠಕ್ಕೆ ಮಕ್ಕಳು ಏನೆಂದರು ಎಂದು ನಾನು ಕಟ್ಟಿ ಹೇಳಬೇಕು. ಬೇರೆಯವರಿಗಾದರೆ ಹೇಳಬಲ್ಲೆ. ಅವರಿಗೆ ಹೇಳಿದರೆ ಮತ್ತೆ ಯಾವತ್ತೂ ಆ ಕ್ಲಾಸಿನೊಳಗೆ ಕಾಲಿಡಲು ನನ್ನಿಂದ...

ಅಕ್ಕಾ, ಬೆಳಕು ಹೋಗುತ್ತಿದೆ. ಗೆರೆ ಬಿಟ್ಟು ಅಕ್ಷರ ಕೆಳಗಿಳಿಯುತ್ತಿರುವುದು ಈಗ ಕಂಡಿತು, ಕನ್ನಡಕದ ತಪ್ಪಲ್ಲ. ಇಲ್ಲಿಗೆ ನಿಲ್ಲಿಸುತ್ತೇನೆ. ಭಾವನವರಿಗೆ ನನ್ನ ನಮಸ್ಕಾರ ಹೇಳು, ಅವರ ಕೆಮ್ಮಿಗೆ ಡಾಕ್ಟರ ಮಾತು ಕೇಳಲಿ, ನನ್ನ ಮಾತು ಬೇಡ. ನಿನ್ನ ಆಶೀರ್ವಾದ ಯಾವತ್ತಿಗಿಂತ ನಾಳೆ ಬೆಳಿಗ್ಗೆ ಒಂಬತ್ತೂವರೆಗೆ ಹೆಚ್ಚು ಬೇಕು.

ಇಂತಿ, ನಿನ್ನ ಕೈಯಲ್ಲೇ ಅಕ್ಷರ ಕಲಿತ,
ತಮ್ಮ

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು. ದೀಪ ಹಾಕಿಕೊಂಡು ನಿಂತೇ ಬರೆಯುತ್ತಿದ್ದೇನೆ, ಕೂತರೆ ಮತ್ತೆ ಸುತ್ತು ಹಾಕುತ್ತೇನೆ. ಆ ನಲವತ್ತೊಂದು ಮಕ್ಕಳಲ್ಲಿ, ಆಗ ಇಲ್ಲಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ನಿನ್ನ ಮೊಮ್ಮಗಳೂ ಒಬ್ಬಳು. ಪ್ರಯೋಗದಲ್ಲಿ ಇಪ್ಪತ್ತಕ್ಕೆ ಹದಿನೆಂಟು ಬಂತು ಎಂದು ನೀನು ಬೀದಿಗೆಲ್ಲ ಹೇಳಿಕೊಂಡು ಬಂದೆಯಲ್ಲ, ಆ ಹದಿನೆಂಟನ್ನೂ ನಾನು ಕೂತಲ್ಲೇ ಹಾಕಿದ್ದು. ಆ ಅಂಕಪಟ್ಟಿಯ ಮೇಲೆಯೇ ಅವಳಿಗೆ ಪಿಯುಸಿಯಲ್ಲಿ ವಿಜ್ಞಾನ, ಅದರಿಂದಲೇ ಆಮೇಲೆ ನರ್ಸಿಂಗ್ ಸೀಟು ಸಿಕ್ಕಿದೆ. ಮೇಡಂ ಮೇಲಕ್ಕೆ ಬರೆದರೆ ಅವಳ ಹೆಸರೂ ಹೊರಗೆ ಬರಬಹುದು. ನಾಳೆ ನಾನು ಕೊಡುವುದು ಹಳೆಯ ಪುಸ್ತಕವನ್ನೇ. ಮಕ್ಕಳದ್ದು ಏನೂ ತಪ್ಪಿಲ್ಲ, ಎಲ್ಲವೂ ನನ್ನದು ಎಂದು ಬೇರೆ ಹಾಳೆಯಲ್ಲಿ ಬರೆದು ಈಗಷ್ಟೇ ಸಹಿ ಹಾಕಿದೆ, ಅದನ್ನೂ ಜೊತೆಗಿಡುತ್ತೇನೆ. ಈ ಕಾಗದ ನಿನಗೆ ಸಿಗುವುದು ಬುಧವಾರ, ಅಷ್ಟರಲ್ಲಿ ಕೊಟ್ಟಾಗಿರುತ್ತದೆ. ಹಾಗೆ ನೋಡಿದರೆ ನಿನ್ನೆಯೇ ನನ್ನೊಳಗೆ ತೀರ್ಮಾನವಾಗಿತ್ತೇನೋ. ಇಲ್ಲದಿದ್ದರೆ ಫೋನಿನಲ್ಲೇ ಹೇಳಿ, ನಿನ್ನ ಬಾಯಿಂದ “ಬೇಡ ಕಣೋ” ಅನ್ನಿಸಿಕೊಂಡು, ಆರಾಮಾಗಿ ಮಲಗುತ್ತಿದ್ದೆ. ಅವಳಿಗೆ ನೀನೇ ಹೇಳು, ಬೇರೆಯವರ ಬಾಯಿಂದ ಕೇಳುವುದು ಬೇಡ. ಬೈದರೂ ಸರಿ, ನನ್ನ ಜೊತೆ ಮಾತು ಬಿಟ್ಟರೂ ಸರಿ, ಒಂದು ಭಾನುವಾರ ಇಲ್ಲಿಗೆ ಬರಲಿ. ಎರಡು ಸೆಲ್ಲು, ಒಂದು ಬಲ್ಬು, ಒಂದು ಮೊಳ ವೈರು ತೆಗೆದಿಟ್ಟಿರುತ್ತೇನೆ. ಆ ಮೂರು ವಾರದ ಪಾಠವನ್ನು ಅವಳಿಗೆ ನಾನು ಇನ್ನೂ ಮಾಡಿಲ್ಲ.